ಡಿಸ್ಟ್‌ಸಿಸಿ ಹಾಕಿದರೂ ಬಿಲ್ಡ್ ಮೊದಲಿನಷ್ಟೇ ನಿಧಾನವೇ? ದೋಷ ಹುಡುಕುವ ದಾರಿ

ನಾಲ್ಕು ಲಿನಕ್ಸ್ ಕಂಪ್ಯೂಟರ್‌ಗಳನ್ನು ಒಂದೇ ಸ್ವಿಚ್‌ಗೆ ಜೋಡಿಸಿ, ಎಲ್ಲದರಲ್ಲೂ ಡಿಸ್ಟ್‌ಸಿಸಿ (ಕಂಪೈಲ್ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಪ್ರೋಗ್ರಾಂ) ಹಾಕಿ, ಬಿಲ್ಡ್ ಓಡಿಸುವ ಮೇಕ್ ಕಮಾಂಡ್ ಶುರು ಮಾಡಿದ್ದೆ. ಬಿಲ್ಡ್ ಸರಿಯಾಗಿ ಮುಗಿಯಿತು. ಒಂದೂ ಎರರ್ ಇಲ್ಲ. ಆದರೆ ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಆಗಲೂ ಅಷ್ಟೇ ಹಿಡಿದಿತ್ತು. ಉಳಿದ ಮೂರು ಯಂತ್ರಗಳಲ್ಲಿ ಟಾಪ್ ತೆರೆದು ನೋಡಿದರೆ ಸಿಪಿಯುಗಳು ಸುಮ್ನೆ ಕೂತಿದ್ದವು. ಅವತ್ತು ಕಾರಣ ಹುಡುಕಲು ಇಡೀ ಸಂಜೆ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಬೇಕಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಡಿಸ್ಟ್‌ಸಿಸಿಯ ದೋಷ ಕೈಗೆ ಸಿಗದಿರಲು ಮುಖ್ಯ ಕಾರಣ ಅದರ ಒಳ್ಳೆಯ ಗುಣವೇ. ಬೇರೆ ಯಂತ್ರಕ್ಕೆ ಕೆಲಸ ಕಳಿಸಲು ಆಗದಿದ್ದರೆ ಅದು ಬಿಲ್ಡ್ ನಿಲ್ಲಿಸುವುದಿಲ್ಲ. ಆ ಫೈಲನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ ಮುಂದಕ್ಕೆ ಹೋಗುತ್ತದೆ. ಒಂದು ಸಾಲಿನ ಎಚ್ಚರಿಕೆ ಬರುತ್ತದೆ ನಿಜ, ಆದರೆ ಮೇಕ್ ಉಗುಳುವ ಸಾವಿರಾರು ಸಾಲುಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಮೊದಲ ಕೆಲಸ, ಡಿಸ್ಟ್‌ಸಿಸಿ ಸೋತಾಗ ಜೋರಾಗಿ ಹೇಳುವಂತೆ ಮಾಡುವುದು. ಉಳಿದದ್ದೆಲ್ಲ ಆಮೇಲೆ.

ಯಾವ ಕೆಲಸ ಎಲ್ಲಿ ನಡೆಯುತ್ತದೆ

ಇದು ತಲೆಯಲ್ಲಿ ಸ್ಪಷ್ಟವಾಗಿದ್ದರೆ ಅರ್ಧ ದೋಷ ಊಹೆಯಲ್ಲೇ ಸಿಗುತ್ತದೆ. ನೀವು ಮೇಕ್ ಕೊಡುವ ಯಂತ್ರ ಕ್ಲೈಂಟ್. ನೆರವಿಗೆ ಇರುವವು ಸರ್ವರ್‌ಗಳು, ಅವುಗಳಲ್ಲಿ ಡಿಸ್ಟ್‌ಸಿಸಿಡಿ ಎಂಬ ಡೀಮನ್ (ಹಿನ್ನೆಲೆಯಲ್ಲಿ ಸದಾ ಇರುವ ಪ್ರೋಗ್ರಾಂ) ಓಡುತ್ತಿರಬೇಕು. ಸಾಮಾನ್ಯ ಬಗೆಯಲ್ಲಿ ಪ್ರೀಪ್ರೊಸೆಸಿಂಗ್ ಕ್ಲೈಂಟ್‌ನಲ್ಲೇ ಆಗುತ್ತದೆ. ಎಲ್ಲ ಹೆಡರ್‌ಗಳೂ ಒಳಗೆ ಸೇರಿದ ಒಂದು ದೊಡ್ಡ ಫೈಲ್ ತಯಾರಾಗಿ, ಟಿಸಿಪಿ ಪೋರ್ಟ್ 3632ರ ಮೂಲಕ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅದನ್ನು ಕಂಪೈಲ್ ಮಾಡಿ ಆಬ್ಜೆಕ್ಟ್ ಫೈಲ್ ವಾಪಸ್ ಕಳಿಸುತ್ತದೆ. ಕೊನೆಯ ಲಿಂಕಿಂಗ್ ಮತ್ತೆ ಕ್ಲೈಂಟ್‌ನಲ್ಲೇ.

ಹಾಗಾಗಿ ಸರ್ವರ್‌ನಲ್ಲಿ ನಿಮ್ಮ ಪ್ರಾಜೆಕ್ಟಿನ ಲೈಬ್ರರಿಗಳೂ ಬೇಡ, ಹೆಡರ್‌ಗಳೂ ಬೇಡ. ಎರಡೂ ಕಡೆ ಒಂದೇ ಫೈಲ್ ಸಿಸ್ಟಂ ಹಂಚಿಕೊಳ್ಳಬೇಕಿಲ್ಲ. ಗಡಿಯಾರಗಳು ಹೊಂದಬೇಕಿಲ್ಲ. ಬೇಕಾದದ್ದು ಸರಿಯಾದ ಕಂಪೈಲರ್ (ಉದಾಹರಣೆಗೆ ಜಿಸಿಸಿ) ಒಂದೇ. ನಾನು ಅವತ್ತು ಶುರುವಿನಲ್ಲಿ ಲೈಬ್ರರಿಗಳನ್ನು ಮೂರೂ ಯಂತ್ರಗಳಲ್ಲಿ ಒಂದೊಂದಾಗಿ ಹಾಕುತ್ತಾ ಕೂತಿದ್ದೆ. ಅದರ ಅಗತ್ಯವೇ ಇರಲಿಲ್ಲ.

ಒಂದು ಫೈಲ್, ಒಂದು ಸರ್ವರ್

ಪೂರ್ತಿ ಬಿಲ್ಡ್ ಓಡಿಸುತ್ತಾ ದೋಷ ಹುಡುಕಬೇಡಿ. ಎರಡು ಸಾಲಿನ ಒಂದು ಸಿ ಫೈಲ್ ಬರೆದು, ಒಂದೇ ಸರ್ವರ್‌ಗೆ ಕೈಯಾರೆ ಕಳಿಸಿ. ಇಲ್ಲಿ ಬರುವ ವೇರಿಯಬಲ್‌ಗಳ ಹೆಸರೆಲ್ಲ ದೊಡ್ಡಕ್ಷರದಲ್ಲಿ, ಕಮಾಂಡ್‌ಗಳು ಸಣ್ಣಕ್ಷರದಲ್ಲಿ ಇರಬೇಕು:

ಡಿಸ್ಟ್‌ಸಿಸಿ_ಹೋಸ್ಟ್ಸ್="192.168.1.20" ಡಿಸ್ಟ್‌ಸಿಸಿ_ಫಾಲ್‌ಬ್ಯಾಕ್=0 ಡಿಸ್ಟ್‌ಸಿಸಿ_ವರ್ಬೋಸ್=1 ಡಿಸ್ಟ್‌ಸಿಸಿ ಜಿಸಿಸಿ -ಸಿ ಹಲೋ.ಸಿ -ಒ ಹಲೋ.ಒ

ಫಾಲ್‌ಬ್ಯಾಕ್ ಸೊನ್ನೆ ಮಾಡಿದರೆ, ಸರ್ವರ್ ಕೈಕೊಟ್ಟಾಗ ಕ್ಲೈಂಟ್ ತಾನೇ ಕೆಲಸ ಮಾಡಿ ಮುಚ್ಚಿಹಾಕುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ವರ್ಬೋಸ್ ಹಾಕಿದರೆ ಒಂದೊಂದು ಹೆಜ್ಜೆಯನ್ನೂ ಹೇಳುತ್ತದೆ: ಹೋಸ್ಟ್ ಪಟ್ಟಿ ಎಲ್ಲಿಂದ ಓದಿತು, ಯಾವ ವಿಳಾಸಕ್ಕೆ ಕನೆಕ್ಟ್ ಆಗಲು ಹೊರಟಿತು, ಎಷ್ಟು ಬೈಟ್ ಕಳಿಸಿತು. ಎಲ್ಲ ಸರಿಯಿದ್ದರೆ ಕೊನೆಯಲ್ಲಿ ಆ ಫೈಲ್ ಆ ಹೋಸ್ಟ್‌ನಲ್ಲಿ ಕಂಪೈಲ್ ಆಗಿ ಸರಿಯಾಗಿ ಮುಗಿಯಿತು ಅನ್ನುವ ಸಾಲು ಬರುತ್ತದೆ. ಲೋಕಲ್‌ಹೋಸ್ಟ್‌ನಲ್ಲಿ ಓಡಿಸಿದೆ ಅಂತ ಬಂದರೆ ಕೆಲಸ ಹೊರಗೆ ಹೋಗಿಲ್ಲ ಎಂದರ್ಥ.

ಎರರ್ ಬಂದ ತಕ್ಷಣ ಎಕೋ ಡಾಲರ್ ಪ್ರಶ್ನೆಚಿಹ್ನೆ ಕೊಟ್ಟು ಎಕ್ಸಿಟ್ ಕೋಡ್ ನೋಡಿ. 103 ಬಂದರೆ ಕನೆಕ್ಷನ್ನೇ ಆಗಿಲ್ಲ. 107 ಬಂದರೆ ಓದುವ ಬರೆಯುವ ಹಂತದಲ್ಲಿ ತೊಂದರೆ. 110 ಅಂದರೆ ಕಂಪೈಲರ್ ಸಿಗಲಿಲ್ಲ. 111 ಅಂದರೆ ಡಿಸ್ಟ್‌ಸಿಸಿ ತನ್ನನ್ನೇ ಮತ್ತೆ ಕರೆದುಕೊಂಡಿದೆ. 116 ಅಂದರೆ ಹೋಸ್ಟ್ ಪಟ್ಟಿಯೇ ಇಲ್ಲ. 1 ಬಂದರೆ ಅದು ಬಹುತೇಕ ಕಂಪೈಲರ್‌ನದೇ ಎರರ್, ಡಿಸ್ಟ್‌ಸಿಸಿಯದಲ್ಲ. ನೂರರ ಮೇಲಿನ ಈ ಸಂಖ್ಯೆಗಳು ತುಂಬಾ ಕೆಲಸಕ್ಕೆ ಬರುತ್ತವೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಈ ಪರೀಕ್ಷೆಯಲ್ಲಿ ಒಂದು ವಿಷಯ ನೆನಪಿರಲಿ. ಒಂದು ಸರ್ವರ್ ಒಮ್ಮೆ ಸೋತರೆ ಕ್ಲೈಂಟ್ ಅದನ್ನು 60 ಸೆಕೆಂಡ್ ದೂರ ಇಡುತ್ತದೆ. ನೀವು ಆ ಕಡೆ ದೋಷ ಸರಿಮಾಡಿ, ಓಡಿ ಬಂದು ಅದೇ ನಿಮಿಷದಲ್ಲಿ ಮತ್ತೆ ಪ್ರಯತ್ನಿಸಿದರೆ ಆಗಲೂ ಆಗುವುದಿಲ್ಲ. "ಇದಲ್ಲ ಕಾರಣ" ಅಂದುಕೊಂಡು ಮಾಡಿದ ಸರಿಯಾದ ಬದಲಾವಣೆಯನ್ನೇ ಅಳಿಸಿಬಿಡುತ್ತೀರಿ. ನಾನು ಹಾಗೆ ಮಾಡಿದ್ದೇನೆ. ಒಂದು ನಿಮಿಷ ಕಾಯಿರಿ, ಅಥವಾ ಪರೀಕ್ಷೆ ಮುಗಿಯುವವರೆಗೆ ಡಿಸ್ಟ್‌ಸಿಸಿ_ಬ್ಯಾಕಾಫ್_ಪೀರಿಯಡ್=0 ಇಟ್ಟುಕೊಳ್ಳಿ.

ಕನೆಕ್ಷನ್ ಆಗದಿದ್ದಾಗ

ಇಲ್ಲಿ ಎರರ್‌ನ ಮಾತನ್ನು ಗಮನವಿಟ್ಟು ಓದಬೇಕು, ಏಕೆಂದರೆ ಮೂರು ಬಗೆಯ ಸೋಲು ಮೂರು ಬೇರೆ ಕಾರಣ ಹೇಳುತ್ತವೆ.

"ಕನೆಕ್ಷನ್ ರಿಫ್ಯೂಸ್ಡ್" ಬಂದರೆ ಪ್ಯಾಕೆಟ್ ಆ ಯಂತ್ರದವರೆಗೆ ಹೋಗಿದೆ, ಆದರೆ ಆ ವಿಳಾಸದಲ್ಲಿ 3632ರ ಮುಂದೆ ಯಾರೂ ಕೂತಿಲ್ಲ. ಡೀಮನ್ ಓಡುತ್ತಿಲ್ಲ, ಇಲ್ಲವೇ ಓಡುತ್ತಿದ್ದರೂ ತನ್ನೊಳಗಿನ ವಿಳಾಸಕ್ಕೆ ಮಾತ್ರ ಕಿವಿ ಕೊಟ್ಟಿದೆ. "ಟೈಮ್ಡ್ ಔಟ್" ಬಂದರೆ ಫೈರ್‌ವಾಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತಿದೆ, ಅಥವಾ ಯಂತ್ರವೇ ಆಫ್ ಆಗಿದೆ. "ನೋ ರೂಟ್ ಟು ಹೋಸ್ಟ್" ಬಂದು, ಪಿಂಗ್ ಮಾತ್ರ ಸರಿಯಾಗಿ ಹೋಗುತ್ತಿದ್ದರೆ ರೌಟಿಂಗ್ ಹುಡುಕಬೇಡಿ. ಫೈರ್‌ವಾಲ್‌ಡಿ ಇರುವ ಯಂತ್ರಗಳಲ್ಲಿ ಪೋರ್ಟ್ ತೆರೆಯದಿದ್ದಾಗ ಬರುವ ಉತ್ತರವೇ ಇದು. 3632 ಟಿಸಿಪಿಯನ್ನು ಒಳಜಾಲದ ವಿಳಾಸಗಳಿಗೆ ಮಾತ್ರ ತೆರೆಯಿರಿ.

ನನ್ನ ಮೂರು ಯಂತ್ರಗಳಲ್ಲಿ ಎರಡರ ದೋಷ ಮೊದಲನೆಯ ಬಗೆಯದು. ಸಿಸ್ಟಂಸಿಟಿಎಲ್ ಕೇಳಿದರೆ ಡೀಮನ್ ಹಸಿರು ಬಣ್ಣದಲ್ಲಿ "ಆ್ಯಕ್ಟಿವ್" ಅನ್ನುತ್ತಿತ್ತು. ಹಾಗಾಗಿ ಅದರ ಮೇಲೆ ಅನುಮಾನವೇ ಬರಲಿಲ್ಲ. ಕೊನೆಗೆ ಸರ್ವರ್‌ನಲ್ಲಿ, ಯಾವ ಪೋರ್ಟ್ ತೆರೆದಿದೆ ಅಂತ ತೋರಿಸುವ ಎಸ್‌ಎಸ್ -ಎಲ್‌ಟಿಎನ್ ಕೊಟ್ಟು ನೋಡಿದೆ. ಸಾಲು ಹೀಗಿತ್ತು:

ಲಿಸನ್ 127.0.0.1:3632

ಅಷ್ಟೇ. ಡೀಮನ್ ಓಡುತ್ತಿತ್ತು, ಆದರೆ ತನ್ನ ಯಂತ್ರದ ಒಳಗಿನಿಂದ ಬಂದ ಕರೆಗೆ ಮಾತ್ರ ಓಗೊಡುತ್ತಿತ್ತು. ಅಲ್ಲಿ 0.0.0.0:3632 ಅಥವಾ ಆ ಯಂತ್ರದ ಜಾಲದ ವಿಳಾಸ ಇರಬೇಕಿತ್ತು. ಡೆಬಿಯನ್, ಉಬುಂಟುಗಳಲ್ಲಿ ಇದರ ಜಾಗ /ಇಟಿಸಿ/ಡೀಫಾಲ್ಟ್/ಡಿಸ್ಟ್‌ಸಿಸಿ ಫೈಲ್. ಅದರಲ್ಲಿ ಲಿಸನರ್ ಮತ್ತು ಅಲೌಡ್‌ನೆಟ್ಸ್ ಎರಡೂ 127.0.0.1 ಅಂತ ಇರುತ್ತವೆ. ಲಿಸನರ್‌ಗೆ ಆ ಯಂತ್ರದ ವಿಳಾಸ ಕೊಡಿ. ಅಲೌಡ್‌ನೆಟ್ಸ್‌ಗೆ 192.168.1.0/24 ಥರ ನಿಮ್ಮ ಜಾಲ ಸೇರಿಸಿ. ಎರಡರಲ್ಲಿ ಒಂದನ್ನು ಮಾತ್ರ ಬದಲಾಯಿಸುವುದು ತುಂಬಾ ಜನ ಮಾಡುವ ತಪ್ಪು. ಲಿಸನರ್ ಮಾತ್ರ ಬದಲಾಯಿಸಿದರೆ ಕನೆಕ್ಷನ್ ಆಗುತ್ತದೆ, ಆದರೆ ಸರ್ವರ್ ತಕ್ಷಣ ಫೋನ್ ಇಟ್ಟ ಹಾಗೆ ಕಡಿದುಬಿಡುತ್ತದೆ. ಕ್ಲೈಂಟ್‌ನಲ್ಲಿ ಕಾಣುವುದು ಓದುವಾಗ ಕನೆಕ್ಷನ್ ಮುರಿಯಿತು ಅನ್ನುವ ಎರರ್ ಮಾತ್ರ. ನಿಜವಾದ ಕಾರಣ, ಅಂದರೆ ಆ ವಿಳಾಸಕ್ಕೆ ಪ್ರವೇಶವಿಲ್ಲ ಅನ್ನುವುದು, ಸರ್ವರ್‌ನ ಲಾಗ್‌ನಲ್ಲಿ ಇರುತ್ತದೆ. ಫೈಲ್ ತಿದ್ದಿದ ಮೇಲೆ ಸರ್ವೀಸ್ ರೀಸ್ಟಾರ್ಟ್ ಮಾಡಿ, ಮತ್ತೆ ಎಸ್‌ಎಸ್ ನೋಡಿ.

ಒಂದು ಮಾತು ಇಲ್ಲೇ ಹೇಳಬೇಕು. ಡಿಸ್ಟ್‌ಸಿಸಿಡಿ ಬರೀ ಟಿಸಿಪಿಯಲ್ಲಿ ಓಡುವಾಗ ಪಾಸ್‌ವರ್ಡ್ ಕೇಳುವುದಿಲ್ಲ, ಏನನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ. ಹಳೆಯ ಆವೃತ್ತಿಗಳಲ್ಲಿ ಆ ಪೋರ್ಟ್ ಮೂಲಕ ಯಾರು ಬೇಕಾದರೂ ತಮಗೆ ಬೇಕಾದ ಕಮಾಂಡ್ ಓಡಿಸಬಹುದಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿರುವ ಸಿವಿಇ-2004-2687 ಅದರದೇ ದಾಖಲೆ. "ಸದ್ಯಕ್ಕೆ ಪರೀಕ್ಷೆಗೆ" ಅಂತ 0.0.0.0/0ಗೆ ಅನುಮತಿ ಕೊಡಬೇಡಿ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಲು ಯಾರಿಗೂ ನೆನಪಿರುವುದಿಲ್ಲ. ನಂಬಿಕೆ ಇಲ್ಲದ ಜಾಲವಾದರೆ ಹೋಸ್ಟ್ ಹೆಸರು ಶುರುವಾಗುವ ಮೊದಲು ಆ್ಯಟ್ ಚಿಹ್ನೆ ಹಾಕಿ ಎಸ್‌ಎಸ್‌ಎಚ್ ಮೂಲಕ ಕಳಿಸಬಹುದು. ಸ್ವಲ್ಪ ನಿಧಾನ, ಆದರೆ ನೆಮ್ಮದಿ.

ಕನೆಕ್ಷನ್ ಆಗಿದೆ, ಕಂಪೈಲ್ ಆಗುತ್ತಿಲ್ಲ

ನನ್ನ ಅನುಭವದಲ್ಲಿ ಜಾಸ್ತಿ ಹೊತ್ತು ತಿನ್ನುವುದು ಈ ಹಂತವೇ. ಈಗ ಸರ್ವರ್‌ನ ಲಾಗ್ ಬೇಕೇ ಬೇಕು. ಸರ್ವೀಸ್ ನಿಲ್ಲಿಸಿ, ಒಂದು ಟರ್ಮಿನಲ್‌ನಲ್ಲಿ ಡಿಸ್ಟ್‌ಸಿಸಿಡಿಯನ್ನು --ನೋ-ಡಿಟ್ಯಾಚ್ --ಲಾಗ್-ಎಸ್‌ಟಿಡಿಇಆರ್‌ಆರ್ --ವರ್ಬೋಸ್ ಮತ್ತು --ಅಲೌ ಜೊತೆ ಕೈಯಾರೆ ಓಡಿಸಿ. ಪಕ್ಕದ ಟರ್ಮಿನಲ್‌ನಿಂದ ಅದೇ ಹಲೋ ಫೈಲ್ ಕಳಿಸಿ. ಸರ್ವರ್ ಏನು ಯೋಚಿಸುತ್ತಿದೆ ಅನ್ನುವುದು ಕಣ್ಣೆದುರಿಗೇ ಓಡುತ್ತದೆ.

ಕಂಪೈಲರ್ ಅನುಮತಿ ಪಟ್ಟಿಯಲ್ಲಿ ಇಲ್ಲ ಅನ್ನುವ ಸಾಲು ಕಂಡರೆ ಗಾಬರಿ ಬೇಡ. 3.3ನೇ ಆವೃತ್ತಿಯಿಂದ ಡೀಮನ್ ಕೇಳಿದ ಪ್ರೋಗ್ರಾಂ ಎಲ್ಲವನ್ನೂ ಓಡಿಸುವುದಿಲ್ಲ. /ಯುಎಸ್‌ಆರ್/ಲಿಬ್/ಡಿಸ್ಟ್‌ಸಿಸಿ ಅಥವಾ /ಯುಎಸ್‌ಆರ್/ಲೋಕಲ್/ಲಿಬ್/ಡಿಸ್ಟ್‌ಸಿಸಿ ಫೋಲ್ಡರ್‌ನಲ್ಲಿ ಆ ಹೆಸರಿನ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರುವ ಕೊಂಡಿ) ಇದ್ದರೆ ಮಾತ್ರ ಓಡಿಸುತ್ತದೆ. ಹೊಸ ಕಂಪೈಲರ್ ಹಾಕಿದ ಮೇಲೆ ಅಪ್‌ಡೇಟ್-ಡಿಸ್ಟ್‌ಸಿಸಿ-ಸಿಮ್‌ಲಿಂಕ್ಸ್ ಅನ್ನುವ ಕಮಾಂಡನ್ನು ರೂಟ್ ಆಗಿ ಓಡಿಸಿದರೆ ಲಿಂಕ್‌ಗಳು ತಾವಾಗಿ ಬರುತ್ತವೆ. ಇದನ್ನು ತಪ್ಪಿಸಲು --ಎನೇಬಲ್-ಟಿಸಿಪಿ-ಇನ್‌ಸೆಕ್ಯೂರ್ ಎಂಬ ಆಯ್ಕೆಯೂ ಇದೆ, ಆದರೆ ಅದರ ಹೆಸರೇ ಎಚ್ಚರಿಕೆ ಹೇಳುತ್ತಿದೆ ಅಲ್ವಾ? ಒಂದು ಸಿಮ್‌ಲಿಂಕ್‌ನಿಂದ ಆಗುವ ಕೆಲಸಕ್ಕೆ ಅದನ್ನು ಮುಟ್ಟಬೇಡಿ.

ಆ ಹೆಸರಿನ ಫೈಲೇ ಇಲ್ಲ ಅಂತ ಬಂದರೆ ಸರ್ವರ್‌ನಲ್ಲಿ ಕಂಪೈಲರ್ ಇಲ್ಲ, ಇಲ್ಲವೇ ಡೀಮನ್‌ಗೆ ಅದರ ದಾರಿ ಗೊತ್ತಿಲ್ಲ. ನಿಮ್ಮ ಶೆಲ್‌ನಲ್ಲಿ ಸಿಗುವ ಕಂಪೈಲರ್ ಡೀಮನ್‌ಗೂ ಸಿಗಬೇಕೆಂದಿಲ್ಲ. ಸಿಸ್ಟಂಡಿ ಶುರು ಮಾಡಿದ ಸರ್ವೀಸ್ ನಿಮ್ಮ ಬ್ಯಾಶ್ ಫೈಲ್‌ಗಳನ್ನು ಓದುವುದಿಲ್ಲ. /ಆಪ್ಟ್ ಒಳಗೆ ಕಂಪೈಲರ್ ಇಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಆವೃತ್ತಿಯ ವಿಷಯ. ಕ್ಲೈಂಟ್‌ನಲ್ಲಿ ಹೊಸ ಜಿಸಿಸಿ, ಸರ್ವರ್‌ನಲ್ಲಿ ಹಳೆಯದು ಇದ್ದರೆ ಸಿ ಫೈಲ್‌ಗಳು ಎಷ್ಟೋ ಸಲ ಹಾಗೇ ಹೋಗಿಬಿಡುತ್ತವೆ. ಸಿ++ನಲ್ಲಿ ಬಂಡವಾಳ ಬಯಲಾಗುತ್ತದೆ. ಹೆಡರ್‌ಗಳು ಕ್ಲೈಂಟ್‌ನವು, ಅವನ್ನು ಓದುವ ಕಂಪೈಲರ್ ಸರ್ವರ್‌ನದು. ಹೊಸ ಹೆಡರ್‌ನಲ್ಲಿರುವ ಬಿಲ್ಟ್-ಇನ್‌ಗಳು ಹಳೆಯ ಕಂಪೈಲರ್‌ಗೆ ಗೊತ್ತೇ ಇರುವುದಿಲ್ಲ. ಆಗ ನೀವು ಮುಟ್ಟದ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಡರ್‌ನಲ್ಲಿ ಎರರ್ ಬರುತ್ತದೆ. ಅದೇ ಫೈಲ್ ಇಲ್ಲಿ ಕಂಪೈಲ್ ಮಾಡಿದರೆ ಏನೂ ತೊಂದರೆ ಇಲ್ಲ. ಈ ಲಕ್ಷಣ ಕಂಡರೆ ನೇರವಾಗಿ ಎರಡೂ ಕಡೆ ಜಿಸಿಸಿ --ವರ್ಷನ್ ನೋಡಿ. ಫಾಲ್‌ಬ್ಯಾಕ್ ಇರುವ ಮಾಮೂಲಿ ಬಿಲ್ಡ್‌ನಲ್ಲಿ ಇಂಥ ಫೈಲ್ ಮೊದಲು ಸರ್ವರ್‌ನಲ್ಲಿ ಸೋತು, ಆಮೇಲೆ ಇಲ್ಲಿ ಮತ್ತೊಮ್ಮೆ ಕಂಪೈಲ್ ಆಗುತ್ತದೆ. ಅಂದರೆ ಡಿಸ್ಟ್‌ಸಿಸಿ ಇಲ್ಲದಿದ್ದರೆ ಆಗುವುದಕ್ಕಿಂತಲೂ ಜಾಸ್ತಿ ಹೊತ್ತು. ಎಲ್‌ಟಿಒ (ಲಿಂಕ್ ಹಂತದಲ್ಲಿ ಕೋಡ್ ಚುರುಕುಗೊಳಿಸುವ ಆಯ್ಕೆ) ಬಳಸುವವರಿಗೆ ಇನ್ನೂ ಬಿಗಿ: ಆವೃತ್ತಿ ಬೇರೆಯಾದರೆ ಲಿಂಕ್ ಹಂತದಲ್ಲಿ ಬೈಟ್‌ಕೋಡ್ ಆವೃತ್ತಿ ಹೊಂದುತ್ತಿಲ್ಲ ಅಂತ ನಿಂತೇಬಿಡುತ್ತದೆ.

ಪರಿಹಾರ ಸುಲಭ. ಎಲ್ಲ ಯಂತ್ರಗಳಲ್ಲೂ ಒಂದೇ ಮುಖ್ಯ ಆವೃತ್ತಿ ಹಾಕಿ, ಬಿಲ್ಡ್‌ನಲ್ಲಿ ಬರೀ ಜಿಸಿಸಿ ಅನ್ನದೆ ಜಿಸಿಸಿ-12 ಥರ ಸಂಖ್ಯೆ ಸಮೇತ ಹೆಸರು ಕೊಡಿ. ಆಗ ಸರ್ವರ್‌ನಲ್ಲಿ ಅದು ಇಲ್ಲದಿದ್ದರೆ ಸ್ಪಷ್ಟ ಎರರ್ ಬರುತ್ತದೆ, ತಪ್ಪು ಕಂಪೈಲರ್ ಓಡುವುದಿಲ್ಲ.

ಯಂತ್ರಗಳ ಜಾತಿಯೇ ಬೇರೆಯಾಗಿದ್ದರೆ, ಉದಾಹರಣೆಗೆ ರಾಸ್ಪ್‌ಬೆರಿ ಪೈ ಕ್ಲೈಂಟ್‌ಗೆ ಇಂಟೆಲ್ ಸರ್ವರ್ ನೆರವಾಗಬೇಕಿದ್ದರೆ, ಹೆಸರಿನ ಈ ಎಚ್ಚರ ಎರಡು ಪಟ್ಟು ಬೇಕು. ಸರ್ವರ್ ತನ್ನ ಜಿಸಿಸಿಯನ್ನೇ ಓಡಿಸಿದರೆ ಅದು ಎಕ್ಸ್86ರ ಆಬ್ಜೆಕ್ಟ್ ಕೊಡುತ್ತದೆ. ಕಂಪೈಲ್ ಸರಿಯಾಗಿಯೇ ಮುಗಿಯುತ್ತದೆ, ಲಿಂಕರ್ ಮಾತ್ರ ಫೈಲಿನ ಸ್ವರೂಪ ಗೊತ್ತಾಗುತ್ತಿಲ್ಲ ಅನ್ನುತ್ತದೆ. ಅನುಮಾನ ಬಂದರೆ ಫೈಲ್ ಹಲೋ.ಒ ಅಂತ ಕೊಡಿ. ಎಆರ್ಚ್64 ಅಂತ ಇರಬೇಕಾದಲ್ಲಿ ಎಕ್ಸ್86-64 ಅಂತ ಕಂಡರೆ ಬೇರೆ ಸಾಕ್ಷಿ ಬೇಡ. ಸರ್ವರ್‌ನಲ್ಲಿ ಕ್ರಾಸ್ ಕಂಪೈಲರ್ ಹಾಕಿ, ಎರಡೂ ಕಡೆ ಎಆರ್ಚ್64-ಲಿನಕ್ಸ್-ಜಿಎನ್‌ಯು-ಜಿಸಿಸಿ ಎಂಬ ಪೂರ್ತಿ ಹೆಸರಿನಲ್ಲೇ ಕರೆಯಿರಿ.

ಹಲೋ ಹೋಗುತ್ತದೆ, ಪ್ರಾಜೆಕ್ಟ್ ಹೋಗುವುದಿಲ್ಲ

ನನ್ನ ಮೂರನೆಯ ಯಂತ್ರ ಇಲ್ಲಿ ಸಿಕ್ಕಿತು. ಹಲೋ ಚೆನ್ನಾಗಿ ಹೋಗುತ್ತಿತ್ತು. ಪ್ರಾಜೆಕ್ಟಿನ ಒಂದೂ ಫೈಲ್ ಹೋಗುತ್ತಿರಲಿಲ್ಲ, ಫಾಲ್‌ಬ್ಯಾಕ್ ಸೊನ್ನೆ ಮಾಡಿದರೂ ಎರರ್ ಬರುತ್ತಿರಲಿಲ್ಲ. ಏಕೆಂದರೆ ಇಲ್ಲಿ ಸೋಲೇ ಇಲ್ಲ. ಇದನ್ನು ಹಂಚಲು ಬರುವುದಿಲ್ಲ ಅಂತ ಡಿಸ್ಟ್‌ಸಿಸಿ ತಾನೇ ತೀರ್ಮಾನಿಸಿದ ಕೆಲಸಕ್ಕೆ ಫಾಲ್‌ಬ್ಯಾಕ್ ನಿಯಮ ಅನ್ವಯಿಸುವುದಿಲ್ಲ. ವರ್ಬೋಸ್ ಒಂದೇ ಇದನ್ನು ಹೇಳುತ್ತದೆ. ನನ್ನ ಫ್ಲ್ಯಾಗ್‌ಗಳಲ್ಲಿ -ಎಂಆರ್ಚ್=ನೇಟಿವ್ ಇತ್ತು. ನೇಟಿವ್ ಅಂದರೆ "ಈ ಯಂತ್ರದ ಸಿಪಿಯುಗೆ ತಕ್ಕಂತೆ" ಎಂದರ್ಥ. ಬೇರೆ ಯಂತ್ರದಲ್ಲಿ ಆ ಮಾತಿಗೆ ಬೇರೆ ಅರ್ಥ ಬರುತ್ತದೆ, ಹಾಗಾಗಿ ಡಿಸ್ಟ್‌ಸಿಸಿ ಅಂಥ ಫೈಲನ್ನು ಹೊರಗೆ ಕಳಿಸುವುದೇ ಇಲ್ಲ. ಅದು ಮಾಡುವುದು ಸರಿಯೇ. ಜಿಸಿಸಿ -ಎಂಆರ್ಚ್=ನೇಟಿವ್ -ಕ್ಯೂ --ಹೆಲ್ಪ್=ಟಾರ್ಗೆಟ್ ಕೊಟ್ಟು ನಿಮ್ಮ ಸಿಪಿಯುವಿನ ನಿಜವಾದ ಹೆಸರು ತಿಳಿದುಕೊಂಡು, ನೇಟಿವ್ ಜಾಗದಲ್ಲಿ ಅದನ್ನೇ ಬರೆಯಿರಿ.

ಕಾನ್‌ಫಿಗರ್ ಸ್ಕ್ರಿಪ್ಟ್ ಮಾಡುವ ಕಾನ್ಫ್‌ಟೆಸ್ಟ್ ಪರೀಕ್ಷೆಗಳೂ ಯಾವಾಗಲೂ ಕ್ಲೈಂಟ್‌ನಲ್ಲೇ ನಡೆಯುತ್ತವೆ. ಅಷ್ಟಕ್ಕೇ ಡಿಸ್ಟ್‌ಸಿಸಿ ಕೆಟ್ಟಿದೆ ಅನ್ನಬೇಡಿ.

ಡಿಸ್ಟ್‌ಸಿಸಿಯನ್ನು ಬಿಲ್ಡ್ ಕರೆಯುತ್ತಲೇ ಇಲ್ಲದಿರುವುದೂ ಉಂಟು. ಪಾತ್‌ನ ಮೊದಲಲ್ಲಿ /ಯುಎಸ್‌ಆರ್/ಲಿಬ್/ಡಿಸ್ಟ್‌ಸಿಸಿ ಹಾಕಿದ್ದೇನೆ ಅಂತ ನೀವು ನಂಬಿರುತ್ತೀರಿ, ಆದರೆ ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಹಿಂದಿನ ಸಲವೇ /ಯುಎಸ್‌ಆರ್/ಬಿನ್ ಒಳಗಿನ ಕಂಪೈಲರ್‌ನ ಪೂರ್ತಿ ದಾರಿಯನ್ನು ತನ್ನ ಕ್ಯಾಶ್‌ನಲ್ಲಿ ಬರೆದಿಟ್ಟಿರುತ್ತದೆ. ಹೊಸ ಬಿಲ್ಡ್ ಫೋಲ್ಡರ್ ಮಾಡಿ, ಸಿಮೇಕ್_ಸಿ_ಕಂಪೈಲರ್_ಲಾಂಚರ್‌ಗೂ ಅದರ ಸಿಎಕ್ಸ್‌ಎಕ್ಸ್ ಜೋಡಿಗೂ ಡಿಸ್ಟ್‌ಸಿಸಿ ಅಂತ ಕೊಡಿ. ಸುಡೊ ಹಾಕಿ ಮೇಕ್ ಓಡಿಸಿದರೆ ನಿಮ್ಮ ವೇರಿಯಬಲ್‌ಗಳು ಸಾಮಾನ್ಯವಾಗಿ ಉಳಿಯುವುದಿಲ್ಲ, ರೂಟ್‌ನ ಹೋಮ್‌ನಲ್ಲಿ ನಿಮ್ಮ ಹೋಸ್ಟ್ ಪಟ್ಟಿಯೂ ಇರುವುದಿಲ್ಲ. ಡಿಸ್ಟ್‌ಸಿಸಿ --ಶೋ-ಹೋಸ್ಟ್ಸ್ ಕೊಟ್ಟರೆ ಈಗ ಯಾವ ಪಟ್ಟಿ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಮೊದಲು ವೇರಿಯಬಲ್, ಆಮೇಲೆ ಹೋಮ್‌ನೊಳಗಿನ .ಡಿಸ್ಟ್‌ಸಿಸಿ/ಹೋಸ್ಟ್ಸ್, ಕೊನೆಗೆ /ಇಟಿಸಿ/ಡಿಸ್ಟ್‌ಸಿಸಿ/ಹೋಸ್ಟ್ಸ್. ಮೊದಲು ಸಿಕ್ಕಿದ್ದೇ ಅಂತಿಮ, ಮೂರನ್ನೂ ಸೇರಿಸಿ ಓದುವುದಿಲ್ಲ. ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಕ್ಯಾಶ್ ಕೂಡ ಬಳಸುತ್ತಿದ್ದರೆ ಸಿಕ್ಯಾಶ್_ಪ್ರಿಫಿಕ್ಸ್=ಡಿಸ್ಟ್‌ಸಿಸಿ ಸಾಕು. ಪರೀಕ್ಷಿಸುವಾಗ ಕ್ಯಾಶ್ ಖಾಲಿ ಮಾಡಿಕೊಳ್ಳಿ, ಇಲ್ಲದಿದ್ದರೆ ಕಳಿಸಲು ಕೆಲಸವೇ ಇರುವುದಿಲ್ಲ.

ಎಲ್ಲ ಸರಿ, ಆದರೂ ವೇಗ ಬರುತ್ತಿಲ್ಲ

ಬಿಲ್ಡ್ ಓಡುತ್ತಿರುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ಡಿಸ್ಟ್‌ಸಿಸಿಮಾನ್-ಟೆಕ್ಸ್ಟ್ 1 ಕೊಡಿ. ಪ್ರತಿ ಸೆಕೆಂಡಿಗೂ ಯಾವ ಫೈಲ್ ಯಾವ ಯಂತ್ರದಲ್ಲಿ ಯಾವ ಹಂತದಲ್ಲಿದೆ ಅಂತ ತೋರಿಸುತ್ತದೆ. ಬಿಲ್ಡ್ ಓಡಿಸಿದ ಯೂಸರ್ ಆಗಿಯೇ ನೋಡಬೇಕು, ಬೇರೆ ಯೂಸರ್‌ಗೆ ಖಾಲಿ ಕಾಣುತ್ತದೆ.

"ಬ್ಲಾಕ್ಡ್" ಜಾಸ್ತಿ ಕಂಡರೆ ಜಾಗ ಸಾಲುತ್ತಿಲ್ಲ. ಹೋಸ್ಟ್ ಪಟ್ಟಿಯಲ್ಲಿ ಸಂಖ್ಯೆ ಕೊಡದಿದ್ದರೆ ಒಂದು ಸರ್ವರ್‌ಗೆ ಒಮ್ಮೆಗೆ 4 ಕೆಲಸ ಮಾತ್ರ ಹೋಗುತ್ತದೆ. ಅದರಲ್ಲಿ 16 ಕೋರ್ ಇದ್ದರೂ ಅಷ್ಟೇ. 192.168.1.20/16 ಅಂತ ಓರೆಗೆರೆ ಹಾಕಿ ಬರೆಯಿರಿ. ಮೇಕ್‌ಗೂ -ಜೆ ಸಂಖ್ಯೆ ದೊಡ್ಡದು ಬೇಕು, ಡಿಸ್ಟ್‌ಸಿಸಿ -ಜೆ ಅಂತ ಕೊಟ್ಟರೆ ನಿಮ್ಮ ಪಟ್ಟಿಗೆ ತಕ್ಕ ಸಂಖ್ಯೆ ಅದೇ ಹೇಳುತ್ತದೆ. ಬರೀ ಮೇಕ್ ಅಂತ ಕೊಟ್ಟರೆ ಒಂದೊಂದೇ ಫೈಲ್ ಹೋಗುತ್ತದೆ, ಎಷ್ಟು ಯಂತ್ರ ಇದ್ದೂ ಉಪಯೋಗವಿಲ್ಲ.

"ಸೆಂಡ್" ಜಾಸ್ತಿ ಕಂಡರೆ ಜಾಲ ನಿಧಾನ. ಐಪರ್ಫ್3 ಹಾಕಿ ಅಳೆಯಿರಿ. ವೈಫೈ ಬಿಟ್ಟು ಕೇಬಲ್ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಹೋಸ್ಟ್ ಹೆಸರು ಮುಗಿದ ಮೇಲೆ ಕಾಮಾ ಹಾಕಿ ಎಲ್‌ಝಡ್‌ಒ ಸೇರಿಸಿ, ಫೈಲ್‌ಗಳು ಕುಗ್ಗಿ ಹೋಗುತ್ತವೆ.

"ಪ್ರೀಪ್ರೊಸೆಸ್" ಜಾಸ್ತಿ ಇದ್ದು ಸರ್ವರ್‌ಗಳು ಕಾಯುತ್ತಿದ್ದರೆ ಕ್ಲೈಂಟೇ ಸೋತಿದೆ. ಪಟ್ಟಿಯಿಂದ ಲೋಕಲ್‌ಹೋಸ್ಟ್ ತೆಗೆದು ನೋಡಿ. ಅದಕ್ಕೆ ಪ್ರೀಪ್ರೊಸೆಸಿಂಗ್, ಲಿಂಕಿಂಗ್ ಕೆಲಸವೇ ಸಾಕಷ್ಟಿದೆ. ಪಂಪ್ ಮೋಡ್ ಹಾಕಿದರೆ ಪ್ರೀಪ್ರೊಸೆಸಿಂಗ್ ಕೂಡ ಸರ್ವರ್‌ಗೆ ಹೋಗುತ್ತದೆ, ಆದರೆ ಅದು ಸಿಕ್ಯಾಶ್ ಜೊತೆ ಹೊಂದುವುದಿಲ್ಲ. ಮಾಮೂಲಿ ಬಗೆ ಪೂರ್ತಿ ಸರಿಯಾದ ಮೇಲೆ ಮಾತ್ರ ಅದಕ್ಕೆ ಕೈ ಹಾಕಿ.

ಆಗಾಗ ಯಾವುದೋ ಒಂದು ಸಿ++ ಫೈಲ್ ಮಾತ್ರ ಸೋಲುತ್ತಿದ್ದರೆ ಸರ್ವರ್‌ನ ಮೆಮೊರಿ ನೋಡಿ. ಡಿಮೆಸೇಜ್ ಲಾಗ್‌ನಲ್ಲಿ ಸಿಸಿ1ಪ್ಲಸ್ ಅನ್ನು ಕರ್ನಲ್ ಕೊಂದ ಸಾಲು ಸಿಕ್ಕರೆ ಆ ಹೋಸ್ಟ್‌ನ ಸಂಖ್ಯೆ ಇಳಿಸಿ. ಅದರ ಟೆಂಪ್ ಫೋಲ್ಡರ್ ತುಂಬಿದ್ದರೂ ಹೀಗೇ ಆಗುತ್ತದೆ, ಡಿಎಫ್ ಕೊಟ್ಟರೆ ಗೊತ್ತಾಗುತ್ತದೆ.

ಎಲ್ಲ ಯಂತ್ರಗಳಿಗೂ ಕೆಲಸ ಹೋಗುವುದು ಕಣ್ಣಾರೆ ಕಂಡ ಮೇಲೆ ಫಾಲ್‌ಬ್ಯಾಕ್, ಬ್ಯಾಕಾಫ್, ವರ್ಬೋಸ್ ಮೂರನ್ನೂ ಮೊದಲಿನಂತೆ ಬಿಡಿ. ದಿನದ ಬಿಲ್ಡ್‌ಗೆ ಫಾಲ್‌ಬ್ಯಾಕ್ ಬೇಕು: ಒಂದು ಸರ್ವರ್ ಆಫ್ ಆದರೂ ಕೆಲಸ ನಿಲ್ಲಬಾರದು. ಅದರ ಜೊತೆಗೆ ಡಿಸ್ಟ್‌ಸಿಸಿ_ಲಾಗ್‌ಗೆ ಒಂದು ಫೈಲಿನ ದಾರಿ ಕೊಟ್ಟಿಡಿ. ಆಗ ಎಚ್ಚರಿಕೆಗಳು ಮೇಕ್‌ನ ಸಾಲುಗಳಲ್ಲಿ ಕಳೆದುಹೋಗದೆ ಅಲ್ಲಿ ಬೀಳುತ್ತವೆ. ವಾರಕ್ಕೊಮ್ಮೆ ತೆರೆದು, ಹಂಚಲು ಆಗದೆ ಇಲ್ಲೇ ಓಡಿಸಿದೆ ಅನ್ನುವ ಸಾಲುಗಳು ಎಷ್ಟಿವೆ, ಯಾವ ಹೋಸ್ಟ್‌ನವು ಅಂತ ಎಣಿಸಿ. ಹೆಚ್ಚಾಗಿದ್ದರೆ ಆ ಹೋಸ್ಟ್‌ಗೆ ಮತ್ತೆ ಹಲೋ ಕಳಿಸಿ.